ವಶೀಲಿ ಇಲ್ಲ, ದೇಣಿಗೆ ಇಲ್ಲ: ಅಮೆರಿಕದ ಕಾಲೇಜು ಪ್ರವೇಶದಲ್ಲಿ ಸಾಮಾನ್ಯ ಮನೆಯ ವಿದ್ಯಾರ್ಥಿ ಎದ್ದು ಕಾಣುವುದು ಹೇಗೆ?

ಹನ್ನೆರಡನೇ ತರಗತಿ ಮುಗಿಸಿ ಅಮೆರಿಕದಲ್ಲಿ ಪದವಿ ಓದಬೇಕೆಂಬ ಆಸೆ ಈಗ ಸಿರಿವಂತರ ಮನೆಗಳಿಗಷ್ಟೇ ಸೀಮಿತವಾಗಿ ಉಳಿದಿಲ್ಲ. ಡೊಂಬಿವಲಿಯ ಹೋಟೆಲ್ ಮ್ಯಾನೇಜರ್ ಮಗಳು, ಪುಣೆಯ ಕಾರ್ಖಾನೆ ನೌಕರನ ಮಗ, ಹೈದರಾಬಾದಿನ ಶಾಲಾ ಶಿಕ್ಷಕಿಯ ಮಗಳು ಕೂಡ ನೋಟ್‌ಬುಕ್ಕಿನ ಮೂಲೆಯಲ್ಲಿ ಹಾರ್ವರ್ಡ್, ಎಂಐಟಿ, ಪ್ರಿನ್ಸ್‌ಟನ್ ಹೆಸರು ಬರೆದಿಟ್ಟುಕೊಳ್ಳುತ್ತಾರೆ. ವಿಷಯ ಮನೆಯಲ್ಲಿ ಪ್ರಸ್ತಾಪವಾದ ಕೂಡಲೇ ಹಿರಿಯರು ಕೇಳುವ ಮೊದಲ ಮಾತು: ‘ಅಲ್ಲಿ ನಮಗೆ ಯಾರು ಗೊತ್ತು?’

ಆ ಪ್ರಶ್ನೆಯಲ್ಲಿ ಹುರುಳಿದೆ. 2024ರಲ್ಲಿ ಶುರುವಾದ ತರಗತಿಗೆ ಹಾರ್ವರ್ಡ್‌ಗೆ ಬಂದ ಅರ್ಜಿಗಳು ಸುಮಾರು 54 ಸಾವಿರ. ಪ್ರವೇಶ ಸಿಕ್ಕಿದ್ದು ಎರಡು ಸಾವಿರಕ್ಕೂ ಕಡಿಮೆ ಮಂದಿಗೆ, ಅಂದರೆ ನೂರಕ್ಕೆ ನಾಲ್ವರೂ ಇಲ್ಲ. ಆ ಸೀಟುಗಳಲ್ಲೂ ಒಂದಷ್ಟು ಪಾಲು ವಿಶೇಷ ಅನುಕೂಲ ಇರುವವರಿಗೆ ಹೋಗುತ್ತದೆ. ಹಾಗಾದರೆ ಯಾವ ಅನುಕೂಲವೂ ಇಲ್ಲದ ವಿದ್ಯಾರ್ಥಿಗೆ ಉಳಿದ ದಾರಿ ಯಾವುದು? ಅರ್ಜಿಯ ಯಾವ ಭಾಗ ಅವರ ಕೈಯಲ್ಲಿದೆ, ಯಾವುದಕ್ಕೆ ಹಣ ಸುರಿಯುವುದು ವ್ಯರ್ಥ, ಎಲ್ಲಿ ಅರ್ಜಿ ಹಾಕಿದರೆ ಸೀಟಿನ ಜೊತೆಗೆ ಶುಲ್ಕದ ನೆರವೂ ಸಿಗಬಹುದು? ಇಲ್ಲಿದೆ ವಿವರ.

‘ಕೊಕ್ಕೆ’ ಎಂದರೇನು?

ಅಮೆರಿಕದ ಪ್ರವೇಶ ವಲಯದಲ್ಲಿ ವಿಶೇಷ ಅನುಕೂಲಕ್ಕೆ ‘ಹುಕ್’ ಎನ್ನುತ್ತಾರೆ. ರಾಶಿಯಲ್ಲಿ ಬಿದ್ದ ಅರ್ಜಿಯನ್ನು ಮೇಲಕ್ಕೆತ್ತುವ ಕೊಕ್ಕೆ ಅದು. ಮುಖ್ಯವಾಗಿ ನಾಲ್ಕು ಬಗೆ: ಅದೇ ಕಾಲೇಜಿನಲ್ಲಿ ಓದಿದವರ ಮಕ್ಕಳು, ಕಾಲೇಜು ತಂಡಕ್ಕೆಂದು ತರಬೇತುದಾರರು ಆರಿಸಿದ ಕ್ರೀಡಾಪಟುಗಳು, ದೊಡ್ಡ ದಾನಿಗಳಿಗೆ ಸಂಬಂಧಪಟ್ಟವರು, ಅಲ್ಲಿನ ಬೋಧಕರು ಮತ್ತು ಸಿಬ್ಬಂದಿಯ ಮಕ್ಕಳು.

ಈ ಕೊಕ್ಕೆಯ ಬಲ ಎಷ್ಟೆಂಬುದು ಬೆಳಕಿಗೆ ಬಂದದ್ದು ಹಾರ್ವರ್ಡ್ ವಿರುದ್ಧದ ಮೊಕದ್ದಮೆಯಲ್ಲಿ. ನ್ಯಾಯಾಲಯದ ಮುಂದೆ ಬಂದ ಆರು ವರ್ಷಗಳ ಅಂಕಿಅಂಶದ ಪ್ರಕಾರ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಮೂವರಿಗೆ ಒಬ್ಬರಂತೆ ಪ್ರವೇಶ ಸಿಕ್ಕಿತ್ತು. ಆ ನಂಟು ಇಲ್ಲದವರಲ್ಲಿ ಸಿಕ್ಕಿದ್ದು ನೂರಕ್ಕೆ ಸುಮಾರು ಆರು ಮಂದಿಗೆ. ಅದೇ ದಾಖಲೆಗಳನ್ನು ಆಧರಿಸಿ 2019ರಲ್ಲಿ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ ಇನ್ನೊಂದು ಸಂಗತಿ ಹೇಳಿತು. ಪ್ರವೇಶ ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಮೇಲಿನ ನಾಲ್ಕು ಬಗೆಗಳಲ್ಲಿ ಯಾವುದಾದರೊಂದಕ್ಕೆ ಸೇರಿದವರಾಗಿದ್ದರು.

ಆ ಮೊಕದ್ದಮೆ 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಇತ್ಯರ್ಥವಾಯಿತು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿ ಅಲ್ಲಿಗೆ ನಿಂತಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ ಮಾತ್ರ ಅನೇಕ ಕಡೆ ಮುಂದುವರಿದಿದೆ. ಮರುತಿಂಗಳೇ ಹಾರ್ವರ್ಡ್‌ನ ರಾಜ್ ಚೆಟ್ಟಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ, ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ ಅತಿ ಶ್ರೀಮಂತ ಶೇ. 1ರಷ್ಟು ಕುಟುಂಬಗಳ ಮಕ್ಕಳು ಅಗ್ರ 12 ಕಾಲೇಜುಗಳಿಗೆ ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಎಂದು ತೋರಿಸಿತು.

ಎಲ್ಲ ಕಡೆಯೂ ಹೀಗಿಲ್ಲ. ಎಂಐಟಿ ಮತ್ತು ಕ್ಯಾಲ್‌ಟೆಕ್ ಹಳೆಯ ವಿದ್ಯಾರ್ಥಿಗಳ ನಂಟಿಗೆ ಬೆಲೆ ಕೊಡುವುದಿಲ್ಲ. ಬರ್ಕ್ಲಿ, ಲಾಸ್ ಏಂಜಲೀಸ್ ಸೇರಿದಂತೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳೂ ಕೊಡುವುದಿಲ್ಲ. ಜಾನ್ಸ್ ಹಾಪ್ಕಿನ್ಸ್ ಮತ್ತು ಆಮ್ಹರ್ಸ್ಟ್ ಆ ಪದ್ಧತಿಯನ್ನು ಕೈಬಿಟ್ಟಿವೆ.

ಕೊಕ್ಕೆಯನ್ನು ಕೊಳ್ಳಬಹುದೇ?

ಕೊಳ್ಳಲು ಹೋದವರ ಕಥೆ 2019ರ ಮಾರ್ಚ್‌ನಲ್ಲಿ ಜಗತ್ತಿಗೇ ತಿಳಿಯಿತು. ಅಮೆರಿಕದ ತನಿಖಾ ಸಂಸ್ಥೆ ಬಯಲಿಗೆಳೆದ ಹಗರಣದಲ್ಲಿ ಪೋಷಕರು ಲಕ್ಷಾಂತರ ಡಾಲರ್ ಕೊಟ್ಟು ಮಕ್ಕಳ ಪರೀಕ್ಷಾ ಅಂಕ ತಿದ್ದಿಸಿದ್ದರು. ಆಡದ ಆಟದಲ್ಲಿ ಮಕ್ಕಳನ್ನು ಆಟಗಾರರೆಂದು ತೋರಿಸಿದ್ದರು. ದಲ್ಲಾಳಿ ರಿಕ್ ಸಿಂಗರ್‌ಗೆ 2023ರಲ್ಲಿ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು. ನಟಿ ಫೆಲಿಸಿಟಿ ಹಫ್‌ಮನ್‌ಗೂ 14 ದಿನಗಳ ಶಿಕ್ಷೆ ತಪ್ಪಲಿಲ್ಲ.

ಇದು ಕಾನೂನು ಮುರಿದವರ ಮಾತಾಯಿತು. ಕಾನೂನಿನ ಒಳಗೇ ಇದ್ದು, ಹೊಳಪು ತರುತ್ತೇವೆಂದು ಹಣ ಕೀಳುವ ವ್ಯಾಪಾರ ಇನ್ನೂ ದೊಡ್ಡದು. ಶುಲ್ಕ ಕಟ್ಟಿದವರಿಗೆಲ್ಲ ಸೀಟು ಕೊಡುವ ಬೇಸಿಗೆ ಶಿಬಿರ, ದುಡ್ಡು ಕೊಟ್ಟರೆ ಹೈಸ್ಕೂಲ್ ಹುಡುಗರ ‘ಸಂಶೋಧನಾ ಪ್ರಬಂಧ’ ಅಚ್ಚು ಹಾಕುವ ಪತ್ರಿಕೆ, ಅರ್ಜಿ ಹಾಕುವ ವರ್ಷವೇ ಹುಟ್ಟಿ ಮರುವರ್ಷ ಮುಚ್ಚಿಹೋಗುವ ಸೇವಾ ಸಂಸ್ಥೆ, ಇವೆಲ್ಲ ಅದರ ರೂಪಗಳು. ವರ್ಷಕ್ಕೆ ಸಾವಿರಾರು ಅರ್ಜಿ ಓದುವವರ ಕಣ್ಣಿಗೆ ಇವು ಹೊಸದೇನಲ್ಲ. ಶಿಬಿರ ನಡೆಯುವ ಜಾಗ ದೊಡ್ಡ ವಿಶ್ವವಿದ್ಯಾಲಯದ ಆವರಣವೇ ಆಗಿದ್ದರೂ, ಹಣ ಕಟ್ಟಿ ಸೇರಿದ್ದಕ್ಕೆ ಪ್ರವೇಶದಲ್ಲಿ ಆದ್ಯತೆ ಸಿಗುತ್ತದೆಂದು ಭಾವಿಸಬಾರದು.

ಅರ್ಜಿ ಓದುವವರು ಏನು ನೋಡುತ್ತಾರೆ?

ನಮ್ಮಲ್ಲಿ ಜೆಇಇ, ನೀಟ್, ಸಿಇಟಿಗಳಲ್ಲಿ ರ‍್ಯಾಂಕ್ ಬಂದರೆ ಮಾತು ಮುಗಿಯಿತು. ಅಮೆರಿಕದ ಆಯ್ದ ಕಾಲೇಜುಗಳಲ್ಲಿ ಕಡತವನ್ನು ಪೂರ್ತಿ ಓದುವ ಪದ್ಧತಿ ಇದೆ. ಹಾರ್ವರ್ಡ್‌ನಲ್ಲಿ ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಮತ್ತು ಶಾಲೆಯವರ ಶಿಫಾರಸು ಪತ್ರಗಳಿಗೆ ಬೇರೆ ಬೇರೆ ಅಂಕ ಹಾಕುತ್ತಾರೆಂಬುದು ಆ ಮೊಕದ್ದಮೆಯಲ್ಲೇ ಬಯಲಾಯಿತು.

ಕೊಕ್ಕೆ ಇಲ್ಲದ ವಿದ್ಯಾರ್ಥಿ ಮುಖ್ಯವಾಗಿ ತಿಳಿಯಬೇಕಾದ್ದು ಒಂದಿದೆ. ಅರ್ಜಿಯನ್ನು ಓದುವುದು ಅವರವರ ಪರಿಸ್ಥಿತಿಯ ಹಿನ್ನೆಲೆಯಲ್ಲಿ. ಅರ್ಜಿಯ ಜೊತೆ ಶಾಲೆಯ ಪರಿಚಯ ಪತ್ರವೂ ಹೋಗುತ್ತದೆ. ಶಾಲೆ ಯಾವ ಬೋರ್ಡಿನದು, ಯಾವ ವಿಷಯಗಳು ಲಭ್ಯ, ತರಗತಿಯಲ್ಲಿ ಎಷ್ಟು ಮಕ್ಕಳು, ಸಾಮಾನ್ಯವಾಗಿ ಎಷ್ಟು ಅಂಕ ಬರುತ್ತದೆ ಎಂಬುದು ಅದರಲ್ಲಿರುತ್ತದೆ. ಪ್ರಯೋಗಾಲಯವೇ ಇಲ್ಲದ ಶಾಲೆಯ ಹುಡುಗನನ್ನು, ಶಾಲೆಯಲ್ಲೇ ರೋಬಾಟಿಕ್ಸ್ ಕೇಂದ್ರ ಇರುವ ಹುಡುಗನ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ಇರುವುದರಲ್ಲಿ ಈ ವಿದ್ಯಾರ್ಥಿ ಏನು ಮಾಡಿದ್ದಾನೆ ಎಂಬುದನ್ನೇ ಹುಡುಕುತ್ತಾರೆ.

ಅನೇಕ ಸಾಧಾರಣ ಶಾಲೆಗಳು ಈ ಪರಿಚಯ ಪತ್ರವನ್ನು ಎಂದೂ ಬರೆದಿರುವುದಿಲ್ಲ. ಆಗ ವಿದ್ಯಾರ್ಥಿಯೇ ಪ್ರಾಂಶುಪಾಲರ ಬಳಿ ಹೋಗಿ ಒಂದು ಪುಟದ ಪರಿಚಯ ಸಿದ್ಧಪಡಿಸಿಕೊಡಿ ಎಂದು ಕೇಳಬೇಕಾಗುತ್ತದೆ. ಖರ್ಚಿಲ್ಲದ ಕೆಲಸ, ಆದರೆ ಉಳಿದ ಪುಟಗಳಿಗೆ ಅರ್ಥ ಕೊಡುವುದು ಅದೇ.

ಅಂಕ: ದಾಟಲೇಬೇಕಾದ ಹೊಸ್ತಿಲು

ಪ್ರಬಂಧ ಚೆನ್ನಾಗಿದ್ದರೆ ಅಂಕ ಕಡಿಮೆಯಿದ್ದರೂ ನಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಂಕ ಹೊಸ್ತಿಲಿದ್ದಂತೆ, ದಾಟದಿದ್ದರೆ ಒಳಗೆ ಹೋಗಲಾಗದು, ದಾಟಿದ ಮಾತ್ರಕ್ಕೆ ಸೀಟು ಸಿಗದು. ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗೆ ನಾಲ್ಕೂ ವರ್ಷದ ಅಂಕಪಟ್ಟಿ ಕೇಳುತ್ತಾರೆ. ‘ಒಂಬತ್ತನೆಯದು ಬೋರ್ಡ್ ಪರೀಕ್ಷೆಯಲ್ಲವಲ್ಲ’ ಎಂದು ಕಡೆಗಣಿಸಿದವರು ಇಲ್ಲಿ ಎಡವುತ್ತಾರೆ. ಹನ್ನೆರಡನೇ ತರಗತಿಯ ಬೋರ್ಡ್ ಫಲಿತಾಂಶ ಬರುವ ಮೊದಲೇ ಪ್ರವೇಶ ನಿರ್ಧಾರವಾಗಿರುತ್ತದೆ. ಆದರೆ ಅಂಕ ತೀರಾ ಕುಸಿದರೆ ಕೊಟ್ಟ ಸೀಟನ್ನು ವಾಪಸ್ ಪಡೆಯುವ ಅಧಿಕಾರ ಕಾಲೇಜಿಗಿದೆ.

ಕೋವಿಡ್ ಕಾಲದಲ್ಲಿ ಐಚ್ಛಿಕವಾಗಿದ್ದ ಸ್ಯಾಟ್ ಅಥವಾ ಎಸಿಟಿ ಪರೀಕ್ಷೆ ಮತ್ತೆ ಕಡ್ಡಾಯವಾಗುತ್ತಿದೆ. ಎಂಐಟಿ 2022ರಲ್ಲೇ ಮರಳಿ ತಂದಿತು. 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಈ ಅಂಕಗಳನ್ನು ನೋಡುವುದೇ ಇಲ್ಲ.

ಡಾರ್ಟ್‌ಮತ್ ಕೊಟ್ಟ ಕಾರಣ ಸಾಮಾನ್ಯ ಕುಟುಂಬದವರ ಗಮನಕ್ಕೆ ಬರಬೇಕು. ಪರೀಕ್ಷೆ ಐಚ್ಛಿಕವಾಗಿದ್ದಾಗ, ಅನುಕೂಲವಿಲ್ಲದ ಮನೆಯ ಎಷ್ಟೋ ಮಕ್ಕಳು ತಮ್ಮ ಅಂಕ ಸಾಲದು ಎಂದುಕೊಂಡು ಮುಚ್ಚಿಟ್ಟರು. ಅವರ ಶಾಲೆಯ ಮಟ್ಟಕ್ಕೆ ಹೋಲಿಸಿದರೆ ಅದು ಉತ್ತಮ ಅಂಕವಾಗಿತ್ತು, ಕಳುಹಿಸಿದ್ದರೆ ಸಹಾಯವೇ ಆಗುತ್ತಿತ್ತು ಎಂದು ಕಾಲೇಜಿನ ಸ್ವಂತ ಅಧ್ಯಯನ ಕಂಡುಕೊಂಡಿತು. ಹೆಸರು ಕೇಳಿರದ ಶಾಲೆಯ ವಿದ್ಯಾರ್ಥಿಗೆ ಇಂಥ ಅಂಕವೇ ಸಾಕ್ಷಿ. ತಯಾರಿಗೆ ದುಬಾರಿ ಕೋಚಿಂಗ್ ಬೇಕೇಬೇಕೆಂದಿಲ್ಲ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್‌ನ ‘ಬ್ಲೂಬುಕ್’ ಆ್ಯಪ್‌ನಲ್ಲಿ ಪೂರ್ಣ ಮಾದರಿ ಪರೀಕ್ಷೆಗಳು ಉಚಿತ. ಖಾನ್ ಅಕಾಡೆಮಿಯ ಪಾಠಗಳೂ ಉಚಿತ.

ಚಟುವಟಿಕೆ: ಹತ್ತು ಸಾಲು ತುಂಬಿಸುವ ಗಡಿಬಿಡಿ ಬೇಡ

ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುವ ‘ಕಾಮನ್ ಆ್ಯಪ್’ ಅರ್ಜಿಯಲ್ಲಿ ಗರಿಷ್ಠ ಹತ್ತು ಚಟುವಟಿಕೆ ತೋರಿಸಬಹುದು. ಒಂದೊಂದರ ವಿವರಣೆಗೆ ಸಿಗುವುದು ಬರೀ 150 ಅಕ್ಷರಗಳ ಜಾಗ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ನಮೂದಿಸಬೇಕು. ಎಂಐಟಿಯ ಪ್ರತ್ಯೇಕ ಅರ್ಜಿಯಲ್ಲಂತೂ ಕೇಳುವುದು ನಾಲ್ಕೇ ಚಟುವಟಿಕೆ. ಹತ್ತು ಕಡೆ ಕೈಹಾಕಿದವರಿಗಿಂತ ಒಂದೆರಡರಲ್ಲಿ ಆಳಕ್ಕಿಳಿದವರು ನೆನಪಿನಲ್ಲಿ ಉಳಿಯುತ್ತಾರೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಸಂಬಳದ ಕೆಲಸ ಮತ್ತು ಮನೆಯ ಜವಾಬ್ದಾರಿಗಳಿಗೂ ಆ ಪಟ್ಟಿಯಲ್ಲಿ ಪ್ರತ್ಯೇಕ ವಿಭಾಗವಿದೆ. ತಂಗಿಗೆ ಪಾಠ ಹೇಳುವುದು, ಹಾಸಿಗೆ ಹಿಡಿದ ಅಜ್ಜಿಯ ಆರೈಕೆ, ಅಂಗಡಿಯಲ್ಲಿ ಕೂರುವುದು, ಇವನ್ನು ‘ಇದೆಲ್ಲ ಏನು ಬರೆಯುವುದು’ ಎಂದು ನಮ್ಮ ಮಕ್ಕಳು ಬಿಟ್ಟುಬಿಡುತ್ತಾರೆ. ಬಿಡಬಾರದು.

ಉದಾಹರಣೆಗೆ, ಅಪ್ಪ ಕ್ಯಾಂಟೀನ್ ನಡೆಸುತ್ತಾರೆ ಎಂದಿಟ್ಟುಕೊಳ್ಳಿ. ಮಗ ಸಂಜೆ ಹೊತ್ತು ಗಲ್ಲಾದಲ್ಲಿ ಕೂರುತ್ತಾನೆ. ಎರಡು ವರ್ಷದ ಮಾರಾಟವನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಯಾವ ದಿನ ಎಷ್ಟು ಇಡ್ಲಿ ಹಿಟ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಾನೆ. ಅರ್ಜಿಯಲ್ಲಿ ‘ಅಪ್ಪನಿಗೆ ಸಹಾಯ ಮಾಡುತ್ತೇನೆ’ ಎಂದರೆ ಓದುವವರು ಮುಂದೆ ಸಾಗುತ್ತಾರೆ. ‘ಕ್ಯಾಂಟೀನ್‌ನಲ್ಲಿ ವಾರಕ್ಕೆ 10 ಗಂಟೆ, ಎರಡು ವರ್ಷದ ಮಾರಾಟದ ವಿಶ್ಲೇಷಣೆ, ಹಾಳಾಗುವ ಹಿಟ್ಟು ಅರ್ಧಕ್ಕೆ ಇಳಿಕೆ’ ಎಂದರೆ ನಿಲ್ಲುತ್ತಾರೆ. ಅದೇ ಹುಡುಗ ಅಂಕಿಅಂಶಶಾಸ್ತ್ರ ಓದಬೇಕೆಂದು ಬರೆದರೆ ಮಾತಿಗೂ ಕೆಲಸಕ್ಕೂ ತಾಳೆಯಾಗುತ್ತದೆ.

ಶುಲ್ಕವಿಲ್ಲದೆ, ಯಾರ ಪರಿಚಯವೂ ಇಲ್ಲದೆ ಮಾಡಬಹುದಾದ ಇನ್ನಷ್ಟು ಕೆಲಸಗಳಿವೆ:

- ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯುವುದು, ತಿದ್ದುವುದು. ಯಾರು ಯಾವಾಗ ಏನು ಸೇರಿಸಿದರೆಂಬ ಇತಿಹಾಸ ಸಾರ್ವಜನಿಕವಾಗಿಯೇ ಇರುವುದರಿಂದ ಬೇರೆ ಪುರಾವೆ ಬೇಕಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿಯೋ ತಮಿಳೋ ತೆಲುಗೋ ಆಡುವ ಹೊರನಾಡಿನ ಮಕ್ಕಳಿಗೆ ಇದು ಹೇಳಿಮಾಡಿಸಿದ ಕೆಲಸ.
- ‘ಸೀಸನ್‌ವಾಚ್’ ಯೋಜನೆಯಲ್ಲಿ ಮನೆ ಮುಂದಿನ ಮರ ಯಾವ ವಾರ ಚಿಗುರಿತು, ಹೂಬಿಟ್ಟಿತು ಎಂದು ದಾಖಲಿಸುವುದು. ‘ಇ-ಬರ್ಡ್’ನಲ್ಲಿ ಹಕ್ಕಿಗಳ ಪಟ್ಟಿ ಇಡುವುದು.
- ಗಣಿತ, ವಿಜ್ಞಾನದಲ್ಲಿ ಚುರುಕಾಗಿದ್ದರೆ ಒಲಿಂಪಿಯಾಡ್. ನಮ್ಮ ದೇಶದಲ್ಲಿ ಇದರ ಕೇಂದ್ರ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ. ಹಳೆಯ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲೇ ಸಿಗುತ್ತವೆ.
- ಸ್ವಯಂ, ಎನ್‌ಪಿಟಿಇಎಲ್ ಪಾಠಗಳನ್ನು ನೋಡಿ, ಕಲಿತದ್ದನ್ನು ಬಳಸಿ ಸಣ್ಣದೊಂದು ಕೆಲಸ ಮಾಡುವುದು. ಬರೀ ಪ್ರಮಾಣಪತ್ರಕ್ಕೆ ಹೆಚ್ಚಿನ ಬೆಲೆಯಿಲ್ಲ.

ಪ್ರಬಂಧ: 650 ಪದಗಳಲ್ಲಿ ಒಬ್ಬ ಮನುಷ್ಯ

ಕಾಮನ್ ಆ್ಯಪ್‌ನ ಮುಖ್ಯ ಪ್ರಬಂಧಕ್ಕೆ 250ರಿಂದ 650 ಪದಗಳ ಮಿತಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಕೇಳುತ್ತದೆ. ಒಂದೊಂದಕ್ಕೆ ಹೆಚ್ಚೆಂದರೆ 350 ಪದ.

ನಮ್ಮ ಮಕ್ಕಳು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ಮೊದಲನೆಯದು, ಶಾಲೆಯ ಭಾಷಣ ಸ್ಪರ್ಧೆಯ ಧಾಟಿ. ‘ಶಿಕ್ಷಣವೇ ಶಕ್ತಿ’, ‘ದೇಶಕ್ಕೆ ಸೇವೆ’ ಎಂಬ ದೊಡ್ಡ ಮಾತುಗಳು ಯಾರ ಅರ್ಜಿಯಲ್ಲಾದರೂ ಇರಬಹುದಾದವು. ಎರಡನೆಯದು, ಕಷ್ಟದ ಪ್ರದರ್ಶನ. ಬಡತನವನ್ನು ಅಥವಾ ಸಾವನ್ನು ವರ್ಣಿಸಿದ ಮಾತ್ರಕ್ಕೆ ಅನುಕಂಪದ ಸೀಟು ಸಿಗುವುದಿಲ್ಲ. ಆ ಕಷ್ಟದ ನಡುವೆ ವಿದ್ಯಾರ್ಥಿ ಏನು ಯೋಚಿಸಿದ, ಏನು ಮಾಡಿದ ಎಂಬುದು ಓದುವವರಿಗೆ ಬೇಕು.

ಒಳ್ಳೆಯ ಪ್ರಬಂಧದ ವಸ್ತು ಹೆಚ್ಚಾಗಿ ಸಣ್ಣದಾಗಿರುತ್ತದೆ: ಊರಿನ ಅಜ್ಜಿಯೊಂದಿಗೆ ಫೋನಿನಲ್ಲಿ ಮಾತನಾಡುವಾಗ ಕನ್ನಡ ಪದ ಸಿಗದೆ ತಡವರಿಸಿದ್ದು, ಚಾಳಿನ ನೀರಿನ ಸರದಿಯ ಜಗಳಕ್ಕೆ ವೇಳಾಪಟ್ಟಿ ಬರೆದದ್ದು. ಒಂದು ಸರಳ ಪರೀಕ್ಷೆ ಇದೆ. ಹೆಸರು ಅಳಿಸಿ ಪ್ರಬಂಧವನ್ನು ಗೆಳೆಯನ ಕೈಗೆ ಕೊಡಬೇಕು. ‘ಇದು ಅವಳೇ ಬರೆದದ್ದು’ ಎಂದು ಆತ ಗುರುತಿಸಿದರೆ ಪ್ರಬಂಧ ಸರಿಯಾಗಿದೆ.

ಇಂಗ್ಲಿಷ್ ಸರಳವಾಗಿದ್ದರೆ ನಷ್ಟವಿಲ್ಲ. ವ್ಯಾಕರಣದ ತಪ್ಪನ್ನು ಶಿಕ್ಷಕರಿಂದ ತಿದ್ದಿಸಿಕೊಳ್ಳಬಹುದು, ಬೇರೆಯವರಿಂದ ಬರೆಸುವಂತಿಲ್ಲ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ತನ್ನದೆಂದು ಕೊಡುವುದನ್ನು ಕಾಮನ್ ಆ್ಯಪ್ 2023ರಿಂದ ವಂಚನೆಯ ಪಟ್ಟಿಗೆ ಸೇರಿಸಿದೆ.

ಶಿಫಾರಸು ಪತ್ರ: ಪರಿಚಯದವರದ್ದಲ್ಲ, ಪಾಠ ಹೇಳಿದವರದ್ದು

ಶಾಸಕರ ಅಥವಾ ದೊಡ್ಡ ಅಧಿಕಾರಿಯ ಪತ್ರ ತಂದರೆ ತೂಕ ಹೆಚ್ಚುತ್ತದೆಂಬ ನಂಬಿಕೆ ನಮ್ಮಲ್ಲಿದೆ. ಇಲ್ಲಿ ಆ ಲೆಕ್ಕ ನಡೆಯದು. ಖಾಸಗಿ ಕಾಲೇಜುಗಳು ಸಾಮಾನ್ಯವಾಗಿ ಕೇಳುವುದು ಪಾಠ ಹೇಳಿದ ಇಬ್ಬರು ಶಿಕ್ಷಕರ ಪತ್ರ ಮತ್ತು ಶಾಲೆಯ ಕೌನ್ಸೆಲರ್ ಪತ್ರ. ಕೌನ್ಸೆಲರ್ ಇಲ್ಲದ ಶಾಲೆಯಲ್ಲಿ ಪ್ರಾಂಶುಪಾಲರು ಅಥವಾ ಹಿರಿಯ ಶಿಕ್ಷಕರು ಆ ಪಾತ್ರ ವಹಿಸಬಹುದು.

ತೊಂದರೆ ಇರುವುದು ಬೇರೆ ಕಡೆ. ಐವತ್ತು ಅರವತ್ತು ಮಕ್ಕಳ ತರಗತಿಯಲ್ಲಿ ಶಿಕ್ಷಕರಿಗೆ ಪ್ರತಿಯೊಬ್ಬರ ವಿವರ ನೆನಪಿರುವುದು ಕಷ್ಟ. ಆಗ ‘ವಿಧೇಯ, ಶ್ರಮಜೀವಿ, ಉತ್ತಮ ನಡತೆ’ ಎಂಬ ನಡತೆ ಪ್ರಮಾಣಪತ್ರದ ಸಾಲುಗಳೇ ಬರುತ್ತವೆ. ಇದಕ್ಕೆ ಉಪಾಯ, ಎರಡು ತಿಂಗಳು ಮೊದಲೇ ಶಿಕ್ಷಕರನ್ನು ಕಂಡು ಒಂದು ಪುಟದ ಟಿಪ್ಪಣಿ ಕೊಡುವುದು. ಯಾವ ಪಾಠದಲ್ಲಿ ಯಾವ ಪ್ರಶ್ನೆ ಕೇಳಿದ್ದು, ಯಾವ ಪ್ರಯೋಗ ಕೆಟ್ಟು ಮತ್ತೆ ಮಾಡಿದ್ದು, ಯಾರಿಗೆ ಲೆಕ್ಕ ಹೇಳಿಕೊಟ್ಟಿದ್ದು ಎಂಬ ನೆನಪುಗಳು ಅದರಲ್ಲಿರಲಿ. ಪತ್ರ ಬರೆಯಬೇಕಾದವರು ಶಿಕ್ಷಕರೇ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎಂದರೆ ವಿನಯದಿಂದಲೇ ಟಿಪ್ಪಣಿ ಕೊಟ್ಟು, ಅವರ ಮಾತಿನಲ್ಲೇ ಬರೆಯುವಂತೆ ಕೋರುವುದು ಲೇಸು.

ಹಣ: ಕಣ್ಣಿಗೆ ಕಾಣದ ಅಡ್ಡಗೋಡೆ

ಭಾರತದ ವಿದ್ಯಾರ್ಥಿಗೆ ಕೊಕ್ಕೆಗಿಂತ ದೊಡ್ಡ ಪ್ರಶ್ನೆ ಶುಲ್ಕದ್ದು. ಹೆಸರಾಂತ ಖಾಸಗಿ ಕಾಲೇಜಿನಲ್ಲಿ ಬೋಧನೆ, ವಸತಿ, ಊಟ ಸೇರಿ ವರ್ಷಕ್ಕೆ 80ರಿಂದ 95 ಸಾವಿರ ಡಾಲರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ 70 ಲಕ್ಷ ರೂಪಾಯಿ ಆಸುಪಾಸು ಅಥವಾ ಅದಕ್ಕೂ ಹೆಚ್ಚು.

ಕಾಲೇಜುಗಳಲ್ಲಿ ಎರಡು ಬಗೆ ಇದೆ. ‘ನೀಡ್ ಬ್ಲೈಂಡ್’ ಕಾಲೇಜುಗಳು ಪ್ರವೇಶ ನಿರ್ಧರಿಸುವಾಗ ವಿದ್ಯಾರ್ಥಿ ಹಣದ ನೆರವು ಕೇಳಿದ್ದಾನೆಯೇ ಎಂದು ನೋಡುವುದಿಲ್ಲ. ‘ನೀಡ್ ಅವೇರ್’ ಕಾಲೇಜುಗಳು ನೋಡುತ್ತವೆ. ಅಂಥಲ್ಲಿ ಹೆಚ್ಚು ನೆರವು ಬೇಕಾದವರಿಗೆ ಸ್ಪರ್ಧೆ ಇನ್ನೂ ಬಿಗಿ. ವಿದೇಶಿ ವಿದ್ಯಾರ್ಥಿಗಳಿಗೂ ಮೊದಲನೆಯ ನೀತಿಯನ್ನೇ ಅನ್ವಯಿಸಿ, ಅಗತ್ಯವಿರುವಷ್ಟೂ ನೆರವು ಕೊಡುವ ಕಾಲೇಜುಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್, ಬೌಡನ್, ಬ್ರೌನ್ ಅವುಗಳಲ್ಲಿ ಸೇರಿವೆ. ವಾರ್ಷಿಕ ಆದಾಯ ಒಂದು ಲಕ್ಷ ಡಾಲರ್ ಮೀರದ, ದೊಡ್ಡ ಆಸ್ತಿಯಿಲ್ಲದ ಕುಟುಂಬದ ವಿದ್ಯಾರ್ಥಿಗೆ 2025-26ರಿಂದ ಖರ್ಚೆಲ್ಲ ಉಚಿತ ಎಂದು ಹಾರ್ವರ್ಡ್ ಪ್ರಕಟಿಸಿದೆ. ಅದರ ನೆರವಿನ ನೀತಿ ವಿದೇಶಿಯರಿಗೂ ಒಂದೇ. ವಿಚಿತ್ರವೆಂದರೆ, ಸರ್ಕಾರಿ ವಿಶ್ವವಿದ್ಯಾಲಯವಾದ ಬರ್ಕ್ಲಿಯಲ್ಲಿ ವಿದೇಶಿಯರಿಗೆ ಆದಾಯ ಆಧರಿಸಿದ ನೆರವು ಸಿಗುವುದಿಲ್ಲ. ಸೀಟು ಸಿಕ್ಕರೂ ಸೇರಲಾಗದ ಸ್ಥಿತಿ ಬರುವುದು ಹೀಗೆಯೇ.

ಗಮನಿಸಬೇಕಾದ ಅಂಶಗಳು:

- ನೆರವು ಬೇಕಿದ್ದರೆ ಅರ್ಜಿ ಹಾಕುವಾಗಲೇ ಕೇಳಬೇಕು. ‘ಮೊದಲು ಸೀಟು ಸಿಗಲಿ, ಆಮೇಲೆ ಕೇಳೋಣ’ ಎಂದರೆ ಅನೇಕ ಕಡೆ ಬಾಗಿಲು ಮುಚ್ಚಿರುತ್ತದೆ.
- ಆದಾಯ, ಸಾಲ, ಆಸ್ತಿಯ ವಿವರಗಳನ್ನು ಹೆಚ್ಚಿನ ಕಡೆ ‘ಸಿಎಸ್‌ಎಸ್ ಪ್ರೊಫೈಲ್’ ಎಂಬ ಅರ್ಜಿಯಲ್ಲಿ ತುಂಬಬೇಕು. ಆದಾಯ ತೆರಿಗೆ ರಿಟರ್ನ್ ಮತ್ತು ಸಂಬಳದ ಚೀಟಿ ಮೊದಲೇ ತೆಗೆದಿಟ್ಟುಕೊಳ್ಳಬೇಕು.
- ‘ಅರ್ಲಿ ಡಿಸಿಷನ್’ನಲ್ಲಿ ಅರ್ಜಿ ಹಾಕಿದರೆ ಸೀಟು ಸಿಕ್ಕಾಗ ಸೇರಲೇಬೇಕೆಂಬ ಒಪ್ಪಂದವಿದೆ. ಸಿಕ್ಕ ನೆರವು ಸಾಲದಿದ್ದರೆ ಮಾತ್ರ ಬಿಡುಗಡೆ ಕೇಳಬಹುದು. ‘ಅರ್ಲಿ ಆ್ಯಕ್ಷನ್’ನಲ್ಲಿ ಈ ಕಟ್ಟುಪಾಡು ಇಲ್ಲ.
- ವೀಸಾಗೆ ಬೇಕಾದ ಐ-20 ಪತ್ರ ಸಿಗಲು ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. ಕಾಲೇಜು ಕೊಡುವ ನೆರವೂ ಆ ಲೆಕ್ಕಕ್ಕೆ ಸೇರುತ್ತದೆ. 2025ರಲ್ಲಿ ವಿದ್ಯಾರ್ಥಿ ವೀಸಾ ಸಂದರ್ಶನಗಳು ಕೆಲಕಾಲ ನಿಂತು, ಬಳಿಕ ಸಾಮಾಜಿಕ ಜಾಲತಾಣ ಖಾತೆಗಳ ತಪಾಸಣೆಯೊಂದಿಗೆ ಶುರುವಾದವು. ಆಯಾ ವರ್ಷದ ನಿಯಮ ನೋಡಿಕೊಳ್ಳುವುದು ಅಗತ್ಯ.

ಕಾಲೇಜು ಪಟ್ಟಿ ಮಾಡುವುದು ಹೇಗೆ?

ಹೆಸರು ಕೇಳಿದ ಹತ್ತು ಕಾಲೇಜುಗಳಿಗಷ್ಟೇ ಅರ್ಜಿ ಹಾಕುವುದು ಲಾಟರಿ ಟಿಕೆಟ್ ಕೊಂಡಂತೆ. ಅಮೆರಿಕದ ಬಹುತೇಕ ಕಾಲೇಜುಗಳು ಪ್ರತಿ ವರ್ಷ ‘ಕಾಮನ್ ಡೇಟಾ ಸೆಟ್’ ಎಂಬ ದಾಖಲೆ ಪ್ರಕಟಿಸುತ್ತವೆ. ಕಾಲೇಜಿನ ಹೆಸರಿನೊಂದಿಗೆ ಹುಡುಕಿದರೆ ಸಿಗುತ್ತದೆ. ಅದರ ಸಿ-7 ಕೋಷ್ಟಕದಲ್ಲಿ ಅಂಕ, ಪ್ರಬಂಧ, ಶಿಫಾರಸು, ಹಳೆಯ ವಿದ್ಯಾರ್ಥಿಗಳ ನಂಟು ಇವುಗಳಲ್ಲಿ ಯಾವುದಕ್ಕೆ ಎಷ್ಟು ಮಹತ್ವವೆಂದು ಕಾಲೇಜೇ ಹೇಳಿರುತ್ತದೆ. ಎಚ್-6 ಭಾಗದಲ್ಲಿ ಎಷ್ಟು ವಿದೇಶಿ ವಿದ್ಯಾರ್ಥಿಗಳಿಗೆ ಸರಾಸರಿ ಎಷ್ಟು ಡಾಲರ್ ನೆರವು ಕೊಟ್ಟಿದೆ ಎಂಬ ವಿವರವಿರುತ್ತದೆ. ಈ ಎರಡು ಜಾಗ ನೋಡಿದರೆ, ನಂಟಿಗೆ ಬೆಲೆ ಕೊಡದ ಮತ್ತು ನಮ್ಮಂಥವರಿಗೆ ಹಣ ಕೊಟ್ಟ ಕಾಲೇಜುಗಳು ತಾವಾಗಿಯೇ ಎದ್ದು ಕಾಣುತ್ತವೆ. ಭಾರತದಲ್ಲಿ ಹೆಚ್ಚು ಹೆಸರಿಲ್ಲದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳು ಇಂಥ ಪಟ್ಟಿಯಲ್ಲಿ ಸಿಗುವುದುಂಟು.

ಸಲಹೆ ಎಲ್ಲಿ ಸಿಗುತ್ತದೆ?

ಖಾಸಗಿ ಸಲಹೆಗಾರರು ಲಕ್ಷಗಟ್ಟಲೆ ಕೇಳುತ್ತಾರೆ. ಉಚಿತ ಎನ್ನುವ ಕೆಲವು ಏಜೆಂಟರು ಕಮಿಷನ್ ಕೊಡುವ ಕಾಲೇಜುಗಳನ್ನೇ ತೋರಿಸುತ್ತಾರೆ. ‘ಸೀಟು ಗ್ಯಾರಂಟಿ’ ಎಂದವರಿಂದ ದೂರವಿರುವುದೇ ಕ್ಷೇಮ.

ಅಮೆರಿಕ ಸರ್ಕಾರದ ‘ಎಜುಕೇಷನ್ ಯುಎಸ್‌ಎ’ ಮಾಹಿತಿ ಜಾಲ ಯಾವ ಕಾಲೇಜಿನ ಪರವೂ ಅಲ್ಲ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳಲ್ಲಿ ಯುಎಸ್‌ಐಇಎಫ್ ಕಚೇರಿಗಳ ಮೂಲಕ ಇದು ಕೆಲಸ ಮಾಡುತ್ತದೆ. ಅರ್ಜಿ ಶುಲ್ಕ ಭಾರವಾದರೆ ವಿನಾಯಿತಿಗಾಗಿ ಕಾಲೇಜಿಗೇ ಇಮೇಲ್ ಬರೆದು ಕೇಳಬಹುದು. ಕೇಳಿದ್ದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ.

ವೇಳಾಪಟ್ಟಿ

- 9 ಮತ್ತು 10ನೇ ತರಗತಿ: ಅಂಕ ಕಾಯ್ದುಕೊಳ್ಳುವುದು, ಆಸಕ್ತಿಯ ಒಂದೆರಡು ಕೆಲಸ ಶುರು ಮಾಡುವುದು.
- 11ನೇ ತರಗತಿ: ಆ ಕೆಲಸಗಳಲ್ಲಿ ಆಳಕ್ಕಿಳಿಯುವುದು, ವರ್ಷದ ಕೊನೆಯೊಳಗೆ ಮೊದಲ ಸ್ಯಾಟ್, ಕಾಲೇಜು ಪಟ್ಟಿ.
- 12ನೇ ತರಗತಿ, ಆಗಸ್ಟ್ 1: ಕಾಮನ್ ಆ್ಯಪ್ ತೆರೆಯುತ್ತದೆ. ಅಷ್ಟರಲ್ಲಿ ಪ್ರಬಂಧದ ಮೊದಲ ಕರಡು ಸಿದ್ಧವಿರಲಿ, ಶಿಕ್ಷಕರಿಗೆ ಟಿಪ್ಪಣಿ ತಲುಪಿರಲಿ.
- ನವೆಂಬರ್ 1ರ ಆಸುಪಾಸು: ಮೊದಲ ಸುತ್ತಿನ ಅರ್ಜಿ. ಫಲಿತಾಂಶ ಡಿಸೆಂಬರ್ ಮಧ್ಯದಲ್ಲಿ.
- ಜನವರಿ ಮೊದಲ ವಾರ: ಸಾಮಾನ್ಯ ಸುತ್ತಿನ ಕೊನೆಯ ದಿನ. ಫಲಿತಾಂಶ ಮಾರ್ಚ್ ಕೊನೆಯ ಹೊತ್ತಿಗೆ, ಒಪ್ಪಿಗೆ ತಿಳಿಸಲು ಮೇ 1ರವರೆಗೆ ಸಮಯ.

ಜೆಇಇ ಮೇನ್‌ನ ಮೊದಲ ಸುತ್ತು ಜನವರಿಯಲ್ಲಿ, ಬೋರ್ಡ್ ಪರೀಕ್ಷೆಗಳು ಅದರ ಬೆನ್ನಿಗೇ ಬರುವುದರಿಂದ ಅರ್ಜಿಯ ಬಹುಪಾಲು ಕೆಲಸ ದೀಪಾವಳಿ ಹೊತ್ತಿಗೆ ಮುಗಿದಿದ್ದರೆ ನಿರಾಳ.

ಸಿಗದಿದ್ದರೆ?

ನೂರಕ್ಕೆ ತೊಂಬತ್ತಾರು ಮಂದಿಗೆ ‘ಇಲ್ಲ’ ಎನ್ನುವ ಕಾಲೇಜಿನ ಉತ್ತರದಿಂದ ಮಗುವಿನ ಬೆಲೆ ಅಳೆಯಬಾರದು. ತಿರಸ್ಕೃತರಲ್ಲಿ ಎಲ್ಲ ಅರ್ಹತೆ ಇದ್ದವರೇ ಸಾವಿರಾರು ಮಂದಿ ಇರುತ್ತಾರೆ. ಆದ್ದರಿಂದ ಭಾರತದ ದಾರಿಯನ್ನೂ ತೆರೆದಿಟ್ಟುಕೊಂಡೇ ಅರ್ಜಿ ಹಾಕಬೇಕು. ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯ, ಬೆಂಗಳೂರು ಮತ್ತು ಭೋಪಾಲ್‌ಗಳಲ್ಲಿರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪರೀಕ್ಷೆಯ ಅಂಕದಾಚೆಗೂ ವಿದ್ಯಾರ್ಥಿಯನ್ನು ನೋಡುತ್ತವೆ, ಸಂದರ್ಶನ ಮಾಡುತ್ತವೆ, ಆದಾಯ ನೋಡಿ ಶುಲ್ಕದ ನೆರವನ್ನೂ ಕೊಡುತ್ತವೆ. ಅಮೆರಿಕಕ್ಕೆಂದು ಮಾಡಿದ ತಯಾರಿ ಅಲ್ಲಿ ಹಾಗೇ ಉಪಯೋಗಕ್ಕೆ ಬರುತ್ತದೆ. ಪದವಿಯನ್ನು ಇಲ್ಲೇ ಮುಗಿಸಿ, ಸ್ನಾತಕೋತ್ತರ ಓದಿಗೆ ಅಮೆರಿಕಕ್ಕೆ ಹೋಗುವ ಹಾದಿಯೂ ಇದ್ದೇ ಇದೆ.

ಪಕ್ಕದ ಮನೆಯ ಹುಡುಗ ಸೇರಿದ ಶಿಬಿರಕ್ಕೆ ಸಾಲ ಮಾಡಿ ಹಣ ಕಟ್ಟುವ ಮೊದಲು ಪೋಷಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಅರ್ಜಿ, ಪ್ರವೇಶ ಎಂಬುದೇ ಇಲ್ಲದಿದ್ದರೂ ಮಗ ಅಥವಾ ಮಗಳು ಈ ಕೆಲಸ ಮಾಡುತ್ತಿದ್ದರೇ? ಹೌದೆಂದಾದರೆ ಅದಕ್ಕೆ ಸಮಯ ಕೊಡಲಿ, ಮನೆಯವರು ಜಾಗ ಮಾಡಿಕೊಡಲಿ. ಇಲ್ಲವೆಂದಾದರೆ ಆ ಹಣವನ್ನು ಓದಿನ ಖರ್ಚಿಗೇ ಉಳಿಸುವುದು ಒಳ್ಳೆಯದು.